ಅರಳುಮರಳಿಗೆ ಯಾವ ಪುಡಿ?

ಸೆಪ್ಟೆಂಬರ್ 21, ವಿಶ್ವ ಅಲ್ಝೈಮರ್ಸ್ ದಿನ. ಇವತ್ತು ರಾಜಕೀಯ ಬೇಡ. ಯಾರು ದೆಹಲಿಗೆ ಹೋದ್ರು, ಯಾರು ಯಾರ ಮನೆಗೆ ಊಟಕ್ಕೆ ಹೋದ್ರು ಅನ್ನೋದು ನಾಳೆಯೂ ಇರುತ್ತೆ, ನಾಡಿದ್ದೂ ಇರುತ್ತೆ. ಇವತ್ತು ನಮ್ಮ ನಿಮ್ಮ ಮನೆಯ ಜಗಲಿ ಮೇಲೆ ಸುಮ್ಮನೆ ಕೂತಿರುವ ಅಜ್ಜ ಅಜ್ಜಿಯರ ಬಗ್ಗೆ ಮಾತಾಡೋಣ.

ನಮ್ಮಲ್ಲಿ ಒಂದು ಗಾದೆ ಇದೆ, ಅರವತ್ತಕ್ಕೆ ಅರಳುಮರಳು. ತಮಾಷೆಗೆ ಅಂತ ಹೇಳ್ತೀವಿ. ಆದರೆ ಈ ಗಾದೆ ಮನೆಮನೆಯಲ್ಲಿ ಮಾಡ್ತಿರೋ ಕೆಲಸ ತಮಾಷೆಯದಲ್ಲ. ಅಜ್ಜಿ ಸಾರಿಗೆ ಎರಡು ಸಲ ಉಪ್ಪು ಹಾಕಿದ್ರೆ ವಯಸ್ಸಾಯ್ತು ಅಂತೀವಿ. ಅಜ್ಜ ಸಂತೆಗೆ ಹೋದವರು ದಾರಿ ತಪ್ಪಿ ಬಂದ್ರೆ ಅರಳುಮರಳು ಅಂತೀವಿ. ಹೀಗೆ ಒಂದು ವರ್ಷ, ಎರಡು ವರ್ಷ ಕಳೆಯುತ್ತೆ. ಆಮೇಲೆ ಒಂದು ದಿನ ಅಜ್ಜಿ ಹೆತ್ತ ಮಗನ ಮುಖ ನೋಡಿ, 'ಯಾರಪ್ಪಾ ನೀನು, ಯಾವೂರು?' ಅಂತ ಕೇಳ್ತಾರೆ. ಅಲ್ಲಿವರೆಗೆ ಸುಮ್ಮನಿದ್ದ ಮನೆಗೆ ಆಗ ದಿಗಿಲು ಹತ್ತುತ್ತೆ. ದಿಗಿಲು ಹತ್ತಿದ ಮನೆಯನ್ನು ಎಲ್ಲರಿಗಿಂತ ಮೊದಲು ತಲುಪೋದು ಯಾವುದು ಗೊತ್ತಾ? ಆಸ್ಪತ್ರೆಯಲ್ಲ, ಪುಡಿ. ವಾಟ್ಸಾಪ್‌ನಲ್ಲಿ ಬಂದ ಪುಡಿ, ಕೊರಿಯರ್‌ನಲ್ಲಿ ಬಂದ ಪುಡಿ, ಹೆದ್ದಾರಿ ಪಕ್ಕದ ಟೆಂಟ್‌ನಲ್ಲಿ ಪೊಟ್ಟಣ ಕಟ್ಟಿ ಕೊಟ್ಟ ಪುಡಿ.

ಈ ಕಾಯಿಲೆ ಎಷ್ಟು ದೊಡ್ಡದು ಅಂತ ಮೊದಲು ಹೇಳಿಬಿಡ್ತೀನಿ. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನದ ಪ್ರಕಾರ, ಭಾರತದಲ್ಲಿ 60 ದಾಟಿದವರ ಪೈಕಿ ಶೇಕಡಾ 7.4ರಷ್ಟು ಜನರಿಗೆ ಡಿಮೆನ್ಷಿಯಾ ಇದೆ. ಲೆಕ್ಕ ಹಾಕಿದರೆ ಸುಮಾರು 88 ಲಕ್ಷ ಜನ. ಇದು ಪೇಟೆಯವರ ಕಾಯಿಲೆ ಅಂತ ನಾವು ಅಂದುಕೊಂಡಿದ್ದೀವಲ್ಲ, ಅದೇ ಅಧ್ಯಯನದಲ್ಲಿ ನಗರದಲ್ಲಿ ಶೇಕಡಾ 5.3 ಇದ್ದರೆ ಹಳ್ಳಿಯಲ್ಲಿ 8.4. ಗಂಡಸರಲ್ಲಿ 5.8, ಹೆಂಗಸರಲ್ಲಿ 9. ಅಂದರೆ ಹಳ್ಳಿಯ ಹೆಣ್ಣುಮಗಳು ಈ ಕಾಯಿಲೆಗೆ ಎಲ್ಲರಿಗಿಂತ ಹತ್ತಿರದಲ್ಲಿದ್ದಾಳೆ, ಆಸ್ಪತ್ರೆಗೆ ಎಲ್ಲರಿಗಿಂತ ದೂರದಲ್ಲಿದ್ದಾಳೆ.

ಕಳೆದ ತಿಂಗಳು ದೊಡ್ಡಬಳ್ಳಾಪುರದಿಂದ ಒಬ್ಬ ವೀಕ್ಷಕರು ಫೋನ್ ಮಾಡಿದ್ರು. ಹೆಸರು ಬೇಡ. ನೇಕಾರರ ಮನೆ, ನಾಲ್ಕು ಮಗ್ಗ. ತಾಯಿಗೆ 68 ವರ್ಷ. ಒಂದೂವರೆ ವರ್ಷದಿಂದ ಮರೆವು. ಕಿವಿಯೋಲೆ ಎಲ್ಲೋ ಇಟ್ಟು ಸೊಸೆ ಕದ್ದಳು ಅಂತ ರಂಪ. ನಡೆಯುವಾಗ ಕಾಲು ತೂರಾಡೋದು. ಮಗ ಮೊಬೈಲ್‌ನಲ್ಲಿ ಒಂದು ಜಾಹೀರಾತು ನೋಡಿದ್ರು. ನೆನಪಿನ ಶಕ್ತಿಗೆ ಗಿಡಮೂಲಿಕೆ ಪುಡಿ, ತಿಂಗಳಿಗೆ 2,800 ರೂಪಾಯಿ. ಫೋನ್ ಮಾಡಿದರೆ ಒಬ್ಬರು ಬಹಳ ಪ್ರೀತಿಯಿಂದ ಮಾತಾಡಿದ್ರಂತೆ. 'ಅಮ್ಮಂಗೆ ಆರು ತಿಂಗಳ ಕೋರ್ಸ್ ಮಾಡಿಸಿ ಸಾರ್, ಬಿಪಿ ಮಾತ್ರೆ ನಿಲ್ಲಿಸಿ, ಇಂಗ್ಲಿಷ್ ಔಷಧಿ ಇದರ ಜೊತೆ ಸೇರಲ್ಲ.' ಆರು ತಿಂಗಳು ಹನ್ನೊಂದು ತಿಂಗಳಾಯ್ತು. ಲೆಕ್ಕ ಹಾಕಿ, 30,800 ರೂಪಾಯಿ. ಮಗ್ಗದ ಮನೆಯಲ್ಲಿ ಆ ದುಡ್ಡಿಗೆ ಎಷ್ಟು ಸೀರೆ ನೇಯಬೇಕು ಅಂತ ದೊಡ್ಡಬಳ್ಳಾಪುರದವರಿಗೆ ನಾನು ಹೇಳಬೇಕಾಗಿಲ್ಲ.

ಕೊನೆಗೆ ಯಾರೋ ನೆಂಟರು ಬೈದು ಆಸ್ಪತ್ರೆಗೆ ಕರೆದುಕೊಂಡು ಹೋದ್ರು. ರಕ್ತಪರೀಕ್ಷೆ ಮಾಡಿದರೆ ವಿಟಮಿನ್ ಬಿ12 ತೀರಾ ಕಡಿಮೆ, ಥೈರಾಯ್ಡ್ ಕೂಡ ಕಡಿಮೆ. ಇಂಜೆಕ್ಷನ್ ಶುರುವಾಯ್ತು, ಥೈರಾಯ್ಡ್ ಮಾತ್ರೆ ಶುರುವಾಯ್ತು, ಬಿಪಿ ಮಾತ್ರೆ ಮತ್ತೆ ಬಂತು. ಮೂರು ತಿಂಗಳಲ್ಲಿ ತಾಯಿ ಮೊಮ್ಮಗಳಿಗೆ ತಾನೇ ಜಡೆ ಹಾಕುವಷ್ಟು ಚೇತರಿಸಿಕೊಂಡಿದ್ದಾರೆ. ಪೂರ್ತಿ ಅಲ್ಲ. ಕಾಲಿನ ಜೋಮು ಹೋಗಿಲ್ಲ, ತಡವಾಗಿ ಬಂದ್ರಿ ಅಂದ್ರಂತೆ ಡಾಕ್ಟರು. ಆ ಮಗ ನನ್ನನ್ನು ಒಂದೇ ಪ್ರಶ್ನೆ ಕೇಳಿದ್ರು. 'ಸಾರ್, ದುಡ್ಡು ಹಾಳಾಗಿ ಹೋಗ್ಲಿ. ಆ ಹನ್ನೊಂದು ತಿಂಗಳನ್ನ ನಮ್ಮಮ್ಮಂಗೆ ಯಾರು ವಾಪಸ್ ಕೊಡ್ತಾರೆ?'

ನೋಡಿ, ಮರೆವು ಅನ್ನೋದು ಒಂದು ಕಾಯಿಲೆಯ ಹೆಸರಲ್ಲ. ಜ್ವರ ಇದ್ದ ಹಾಗೆ ಅದೊಂದು ಲಕ್ಷಣ. ಅಲ್ಝೈಮರ್ಸ್‌ನಿಂದ ಬರಬಹುದು. ಮಿದುಳಿಗೆ ರಕ್ತ ಹೋಗುವ ಸಣ್ಣ ನಾಳಗಳು ಕಟ್ಟಿಕೊಂಡು ಬರಬಹುದು. ಹಾಗೆಯೇ ಬಿ12 ಕೊರತೆಯಿಂದ, ಥೈರಾಯ್ಡ್‌ನಿಂದ, ಖಿನ್ನತೆಯಿಂದ, ಎಂದೋ ಬಚ್ಚಲಲ್ಲಿ ಜಾರಿ ಬಿದ್ದಾಗ ತಲೆಯೊಳಗೆ ನಿಧಾನವಾಗಿ ಸೇರಿಕೊಂಡ ರಕ್ತದಿಂದ, ಕೊನೆಗೆ ಬೇರೆ ಯಾವುದೋ ಮಾತ್ರೆಯ ಅಡ್ಡಪರಿಣಾಮದಿಂದಲೂ ಬರಬಹುದು. ಈ ಎರಡನೇ ಗುಂಪಿನವರು ಕಡಿಮೆ, ಬಹುಪಾಲು ಡಿಮೆನ್ಷಿಯಾ ವಾಸಿಯಾಗುವಂಥದ್ದಲ್ಲ. ಅದನ್ನು ಮುಚ್ಚಿಟ್ಟು ನಿಮಗೆ ಆಸೆ ಹುಟ್ಟಿಸೋದು ಬೇಡ. ಆದರೆ ನಿಮ್ಮ ತಾಯಿ ಯಾವ ಗುಂಪಿನಲ್ಲಿದ್ದಾರೆ ಅಂತ ಪರೀಕ್ಷೆ ಮಾಡದೆ ಹೇಳೋದು ಹೇಗೆ? ಫೋನ್‌ನಲ್ಲಿ ಮಾತಾಡಿದ ಆ ಮಹಾನುಭಾವ ಹೇಗೆ ಹೇಳಿದ?

ಬಿ12 ವಿಚಾರ ಬಂತು, ಒಂದೆರಡು ಮಾತು ಹೆಚ್ಚೇ ಹೇಳ್ತೀನಿ. ಸೊಪ್ಪು, ಕಾಳು, ರಾಗಿ, ಯಾವುದರಲ್ಲೂ ಇದು ಇಲ್ಲ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿದೆ. ವಯಸ್ಸಾದಂತೆ ಹೊಟ್ಟೆ ಇದನ್ನು ಹೀರಿಕೊಳ್ಳೋದು ಕಡಿಮೆಯಾಗುತ್ತೆ. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತಗೊಳ್ಳೋರಿಗೆ, ಗ್ಯಾಸ್ಟ್ರಿಕ್ ಅಂತ ದಿನಾ ಬೆಳಗ್ಗೆ ಒಂದು ಮಾತ್ರೆ ನುಂಗೋರಿಗೆ ಇನ್ನೂ ಕಡಿಮೆಯಾಗಬಹುದು. ಹಾಲು ಪೂರಾ ಡೇರಿಗೆ ಹಾಕಿ, ತಾನು ಬರೀ ಮುದ್ದೆ ಸೊಪ್ಪಿನ ಸಾರು ಉಂಡುಕೊಂಡಿರುವ, ಸಕ್ಕರೆ ಕಾಯಿಲೆಯೂ ಇರುವ ಅಜ್ಜಿಯನ್ನು ಕಲ್ಪಿಸಿಕೊಳ್ಳಿ. ಅಂಥ ಅಜ್ಜಿ ಹೊಸಕೋಟೆ, ದೇವನಹಳ್ಳಿಯ ಯಾವ ಊರಲ್ಲಿಲ್ಲ ಹೇಳಿ? ಇಂಥವರಿಗೆ ವಿಟಮಿನ್ ನಿಜವಾಗಲೂ ಔಷಧಿ. ಕೊರತೆ ಇದ್ದಲ್ಲಿ ತುಂಬಿದರೆ ಕೆಲಸ ಮಾಡುತ್ತೆ. ತುಂಬಿದ ಟ್ಯಾಂಕಿಗೆ ಮತ್ತೆ ಮೋಟರ್ ಹಾಕಿದರೆ ನೀರು ಹೊರಗೆ ಚೆಲ್ಲುತ್ತೆ ಅಷ್ಟೇ.

ಈಗ ಗಿಡಮೂಲಿಕೆಗೆ ಬರೋಣ. ಇಲ್ಲಿ ನನ್ನ ಮೇಲೆ ಕೆಲವರಿಗೆ ಸಿಟ್ಟು ಬರುತ್ತೆ, ಗೊತ್ತು. 'ನಮ್ಮ ಅಜ್ಜಿ ಒಂದೆಲಗದ ಚಟ್ನಿ ಮಾಡಿ ಹಾಕ್ತಿದ್ರು, ನಿಮಗೇನು ಗೊತ್ತು?' ಸ್ವಾಮಿ, ಚಟ್ನಿ ತಿನ್ನಿ. ತಂಬುಳಿ ಮಾಡಿಕೊಳ್ಳಿ. ನನಗೂ ಇಷ್ಟ. ನನ್ನ ಪ್ರಶ್ನೆ ಇಷ್ಟೇ, ಆ ಡಬ್ಬಿಯಲ್ಲಿ ಬ್ರಾಹ್ಮಿ ಅಂತ ಬರೆದಿದೆಯಲ್ಲ, ಅದು ಯಾವ ಗಿಡ?

ಇದು ಹುಡುಗಾಟದ ಪ್ರಶ್ನೆಯಲ್ಲ. ನಮ್ಮ ಕಡೆ ಬ್ರಾಹ್ಮಿ ಅಂದರೆ ಹೆಚ್ಚಿನವರು ಒಂದೆಲಗ ತೋರಿಸ್ತಾರೆ. ಕಾಲುವೆ ಬದುವಿನಲ್ಲಿ ಹಬ್ಬಿಕೊಳ್ಳುವ, ಗುಂಡಗೆ ಒಂದೊಂದೇ ಎಲೆಯ ಬಳ್ಳಿ. ವಿಜ್ಞಾನದಲ್ಲಿ ಅದು ಸೆಂಟೆಲ್ಲಾ ಏಷ್ಯಾಟಿಕಾ, ಸಂಸ್ಕೃತದಲ್ಲಿ ಮಂಡೂಕಪರ್ಣಿ. ಆದರೆ ಲಖನೌದ ಕೇಂದ್ರ ಔಷಧ ಸಂಶೋಧನಾ ಸಂಸ್ಥೆ ವರ್ಷಗಟ್ಟಲೆ ಸಂಶೋಧನೆ ಮಾಡಿದ ಬ್ರಾಹ್ಮಿ ಬೇರೆ. ಅದು ಬಕೋಪಾ ಮೊನ್ನಿಯೆರಿ, ನೀರುಬ್ರಾಹ್ಮಿ, ಸಣ್ಣ ದಪ್ಪ ಎಲೆಯ ಬೇರೆಯೇ ಕುಲದ ಗಿಡ. ಅದರಲ್ಲಿರುವ ಬಕೋಸೈಡ್‌ಗಳ ಮೇಲೆ ಬಂದ ವರದಿಯನ್ನು ಒಂದೆಲಗದ ಡಬ್ಬಿಗೆ ಅಂಟಿಸಿ ಮಾರಿದರೆ ಕೇಳೋರು ಯಾರು? ಶಂಖಪುಷ್ಪಿಯದ್ದೂ ಇದೇ ಕತೆ. ಒಂದು ಕಡೆ ಒಂದು ಗಿಡ, ಇನ್ನೊಂದು ಕಡೆ ವಿಷ್ಣುಕ್ರಾಂತಿ, ಕೇರಳಕ್ಕೆ ಹೋದರೆ ನಮ್ಮ ಬೇಲಿ ಮೇಲಿನ ನೀಲಿ ಶಂಖಪುಷ್ಪ. ಇನ್ನೊಂದು ಸ್ವಾರಸ್ಯ ಕೇಳಿ. ಚರಕ ಸಂಹಿತೆ ಮೇಧ್ಯ ರಸಾಯನ ಅಂತ ಎತ್ತಿ ಹೇಳೋದು ನಾಲ್ಕನ್ನು, ಮಂಡೂಕಪರ್ಣಿ, ಯಷ್ಟಿಮಧು, ಗುಡೂಚಿ, ಶಂಖಪುಷ್ಪಿ. ಅಂದರೆ ಒಂದೆಲಗ, ಅತಿಮಧುರ, ಅಮೃತಬಳ್ಳಿ, ಶಂಖಪುಷ್ಪಿ. ಬ್ರಾಹ್ಮಿ ಅನ್ನೋ ಹೆಸರು ಆ ನಾಲ್ಕರಲ್ಲಿ ಇಲ್ಲ. ಸಂಹಿತೆ ಓದಿದ ವೈದ್ಯರಿಗೆ ಇದು ಗೊತ್ತಿದೆ. ಸಂಹಿತೆ ಹೆಸರು ಹೇಳಿ ಡಬ್ಬಿ ಮಾರೋರಿಗೆ ಬೇಕಾಗಿಲ್ಲ.

ಹಾಗಾದರೆ ನೀರುಬ್ರಾಹ್ಮಿ ಕೆಲಸ ಮಾಡುತ್ತಾ? ಆರೋಗ್ಯವಂತರ ಮೇಲೆ, ಸುಮಾರು ಮೂರು ತಿಂಗಳು ಕೊಟ್ಟು ನೋಡಿದ ಸಣ್ಣ ಪ್ರಯೋಗಗಳಲ್ಲಿ ನೆನಪಿಟ್ಟುಕೊಳ್ಳುವ ಕೆಲವು ಪರೀಕ್ಷೆಗಳಲ್ಲಿ ಸ್ವಲ್ಪ ಸುಧಾರಣೆ ಕಂಡಿದೆ. ಕಂಡಿಲ್ಲ ಅಂತ ನಾನು ಹೇಳಲ್ಲ. ಆದರೆ ಡಿಮೆನ್ಷಿಯಾ ಬಂದವರಿಗೆ ಅದನ್ನು ವಾಸಿಮಾಡುತ್ತೆ, ತಡೆಯುತ್ತೆ ಅನ್ನೋದಕ್ಕೆ ಗಟ್ಟಿಯಾದ ಪುರಾವೆ ಬಂದಿಲ್ಲ. ಓದುವ ಹುಡುಗನ ಪರೀಕ್ಷೆಯ ಮರೆವು ಬೇರೆ, ಅಜ್ಜಿಯ ಮಿದುಳಿನ ಜೀವಕೋಶವೇ ಸಾಯ್ತಿರೋದು ಬೇರೆ.

ಜಗತ್ತಿನಲ್ಲಿ ಗಿಡಮೂಲಿಕೆಯನ್ನು ನಿಜವಾಗಿ ಒರೆಗೆ ಹಚ್ಚಿದ ಉದಾಹರಣೆ ಬೇಕಾ? ಗಿಂಕ್ಗೊ. ಚೀನಾ ಮೂಲದ ಮರ, ಅದರ ಎಲೆಯ ಸಾರ. ಅಮೆರಿಕದಲ್ಲಿ 75 ದಾಟಿದ 3,069 ಜನರನ್ನು ಎರಡು ಗುಂಪು ಮಾಡಿದ್ರು. ಒಂದು ಗುಂಪಿಗೆ ದಿನಕ್ಕೆ ಎರಡು ಸಲ 120 ಮಿಲಿಗ್ರಾಂ ಗಿಂಕ್ಗೊ, ಇನ್ನೊಂದಕ್ಕೆ ಏನೂ ಇಲ್ಲದ ಅದೇ ಥರದ ಮಾತ್ರೆ. ಯಾರಿಗೆ ಯಾವುದು ಅಂತ ತಗೊಳ್ಳೋರಿಗೂ ಗೊತ್ತಿಲ್ಲ, ಕೊಡೋರಿಗೂ ಗೊತ್ತಿಲ್ಲ. ಸುಮಾರು ಆರು ವರ್ಷ ಕಾದರು. 2008ರಲ್ಲಿ ಫಲಿತಾಂಶ ಬಂತು. ಎರಡೂ ಗುಂಪಿಗೆ ಡಿಮೆನ್ಷಿಯಾ ಬಂದದ್ದರಲ್ಲಿ ಗಿಂಕ್ಗೊಗೆ ಯಾವ ಮೇಲುಗೈಯೂ ಇರಲಿಲ್ಲ. ಫ್ರಾನ್ಸ್‌ನಲ್ಲಿ 2,800ಕ್ಕೂ ಹೆಚ್ಚು ಜನರ ಮೇಲೆ ಮತ್ತೊಂದು ಪ್ರಯೋಗವಾಯ್ತು, 2012ರಲ್ಲಿ ಅದೇ ಉತ್ತರ. ಮೀನೆಣ್ಣೆಯ ಡಿಎಚ್ಎ? 402 ಅಲ್ಝೈಮರ್ಸ್ ರೋಗಿಗಳಿಗೆ 18 ತಿಂಗಳು ಕೊಟ್ಟರು, 2010ರಲ್ಲಿ ಇಲ್ಲ ಅಂತ ಉತ್ತರ ಬಂತು. ಅರಿಶಿನದ ಕರ್ಕ್ಯುಮಿನ್? ಅದು ಹೊಟ್ಟೆಯಿಂದ ರಕ್ತಕ್ಕೆ ಸೇರೋದೇ ಬಹಳ ಕಡಿಮೆ. ಅಮೆರಿಕದಲ್ಲಿ ರೋಗಿಗಳ ಮೇಲೆ 24 ವಾರ ನಡೆದ ಪ್ರಯೋಗದಲ್ಲಿ ಪ್ರಯೋಜನ ಕಾಣಲಿಲ್ಲ. ವಿಟಮಿನ್ ಇ ಒಂದರಲ್ಲಿ ಸ್ವಲ್ಪ ಆಸೆ ಕಂಡಿತು. 2014ರಲ್ಲಿ, 613 ರೋಗಿಗಳಲ್ಲಿ, ಬಹಳ ದೊಡ್ಡ ಪ್ರಮಾಣ ಕೊಟ್ಟಾಗ ಸ್ನಾನ, ಊಟ, ಬಟ್ಟೆ ಹಾಕಿಕೊಳ್ಳುವಂಥ ದಿನನಿತ್ಯದ ಶಕ್ತಿ ಕುಂದೋದು ಸ್ವಲ್ಪ ನಿಧಾನವಾಯ್ತು. ನೆನಪು ಸುಧಾರಿಸಲಿಲ್ಲ. ಸರಿ, ಎಲ್ಲರೂ ತಗೊಳ್ಳೋಣ ಅಂತೀರಾ? ಅದೇ ವಿಟಮಿನ್ ಇ ಅನ್ನು ಆರೋಗ್ಯವಂತ ಗಂಡಸರಿಗೆ ಕೊಟ್ಟ ಮತ್ತೊಂದು ದೊಡ್ಡ ಅಧ್ಯಯನದಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಹೆಚ್ಚಿತು. ಶಕ್ತಿ ಇರುವ ವಸ್ತುವಿಗೆ ಅಡ್ಡಪರಿಣಾಮವೂ ಇರುತ್ತೆ.

ಗಿಡ ಅಂದರೆ ವಿಜ್ಞಾನಿಗಳಿಗೆ ಅಲರ್ಜಿ ಅಂತ ಹೇಳೋರಿದ್ದಾರೆ. ಅವರಿಗೆ ಗ್ಯಾಲಂಟಮೈನ್ ಕತೆ ಹೇಳಿ. ಸ್ನೋಡ್ರಾಪ್ ಅನ್ನೋ ಬಿಳಿ ಹೂವಿನ ಗಿಡದ ಗೆಡ್ಡೆಯಿಂದ ಬಂದ ವಸ್ತು. ಪರೀಕ್ಷೆಗೆ ನಿಂತಿತು, ಪಾಸಾಯ್ತು, 2001ರಲ್ಲಿ ಅಮೆರಿಕದಲ್ಲಿ ಅಲ್ಝೈಮರ್ಸ್‌ಗೆ ಒಪ್ಪಿಗೆ ಪಡೆಯಿತು. ನಮ್ಮ ಡಾಕ್ಟರೂ ಬರೆದುಕೊಡ್ತಾರೆ. ಅದೂ ಕಾಯಿಲೆ ವಾಸಿಮಾಡಲ್ಲ, ಲಕ್ಷಣವನ್ನು ಸ್ವಲ್ಪ ಕಾಲ ಹಿಡಿದು ನಿಲ್ಲಿಸುತ್ತೆ, ಡೊನೆಪೆಜಿಲ್ ಥರ. ಗಿಡ ಆಗಿದ್ದಕ್ಕೆ ಯಾರೂ ಬಾಗಿಲು ಹಾಕಲಿಲ್ಲ.

ನಾನು ಓದಿದ್ದು ಎಂಜಿನಿಯರಿಂಗ್. ಲ್ಯಾಬ್‌ನಲ್ಲಿ ನಮಗೆ ಮೊದಲು ಕಲಿಸಿದ್ದು, ಸರ್ಕ್ಯೂಟ್ ಕೆಟ್ಟಿದ್ದರೆ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡು ಅಂತ. ನಾಲ್ಕು ವೈರ್ ಒಟ್ಟಿಗೆ ಬದಲಾಯಿಸಿದರೆ ಬಲ್ಬ್ ಹತ್ತಿದ್ದು ಯಾವುದರಿಂದ ಅಂತ ಗೊತ್ತಾಗಲ್ಲ, ಸುಟ್ಟುಹೋದದ್ದು ಯಾವುದರಿಂದ ಅಂತಲೂ ಗೊತ್ತಾಗಲ್ಲ. ಈ ಪುಡಿಗಳ ಡಬ್ಬಿ ತಿರುಗಿಸಿ ನೋಡಿ. ಹದಿನೆಂಟು ಮೂಲಿಕೆ, ಇಪ್ಪತ್ತೊಂದು ಮೂಲಿಕೆ. ಅದರ ಜೊತೆ ಅಜ್ಜ ತಗೊಳ್ಳೋ ಬಿಪಿ, ಶುಗರ್, ರಕ್ತ ತೆಳುವಾಗಿಸುವ ಮಾತ್ರೆ. ಗಿಂಕ್ಗೊ ಮತ್ತು ಆಸ್ಪಿರಿನ್ ಜೊತೆಗೂಡಿದರೆ ರಕ್ತಸ್ರಾವದ ಅಪಾಯ ಹೆಚ್ಚಬಹುದು. ಅಶ್ವಗಂಧ ಥೈರಾಯ್ಡ್ ಮಟ್ಟವನ್ನು ಏರುಪೇರು ಮಾಡಬಹುದು, ಕೆಲವರಲ್ಲಿ ಲಿವರ್‌ಗೆ ಪೆಟ್ಟುಕೊಟ್ಟ ವರದಿಗಳಿವೆ. ಇನ್ನು ಡಬ್ಬಿ ಮೇಲೆ ಬರೆಯದೇ ಇರುವ ವಸ್ತುಗಳ ಕತೆ. 2008ರಲ್ಲಿ ಅಮೆರಿಕದ ಸಂಶೋಧಕರು ಇಂಟರ್ನೆಟ್‌ನಲ್ಲಿ ಕೊಂಡ 193 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿದರೆ, ಐದರಲ್ಲಿ ಒಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು. ಸೀಸ ಮಿದುಳಿಗೆ ಏನು ಮಾಡುತ್ತೆ ಗೊತ್ತಲ್ವಾ? ನೆನಪಿಗೆ ಅಂತ ತಗೊಂಡದ್ದೇ ನೆನಪು ತಿನ್ನುವ ಪರಿಸ್ಥಿತಿ.

ಕಾನೂನು ಇಲ್ವಾ? ಇದೆ, ನಮ್ಮಲ್ಲಿ ಬಹುತೇಕರು ಹುಟ್ಟೋದಕ್ಕೂ ಮುಂಚಿನಿಂದ ಇದೆ. 1954ರ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆ. ಅದರ ಪಟ್ಟಿಯಲ್ಲಿ ಮಿದುಳಿನ ಕಾಯಿಲೆಗಳು ಸೇರಿವೆ. ಆ ಕಾಯಿಲೆಗಳನ್ನು ವಾಸಿಮಾಡ್ತೀವಿ ಅಂತ ಜಾಹೀರಾತು ಕೊಡೋದೇ ಅಪರಾಧ. ಔಷಧ ನಿಯಮಗಳ ಶೆಡ್ಯೂಲ್ ಜೆ ಅಂತ ಒಂದಿದೆ, ಮಿದುಳಿನ ಸಾಮರ್ಥ್ಯ ಮತ್ತು ನೆನಪಿನ ಶಕ್ತಿ ಹೆಚ್ಚಿಸ್ತೀವಿ ಅಂತ ಔಷಧಿಯವರು ಹೇಳಿಕೊಳ್ಳೋ ಹಾಗಿಲ್ಲ ಅಂತ ಅದರಲ್ಲಿದೆ. ಹಾಗಾಗಿ ಜಾಣರು ಔಷಧಿ ಅನ್ನೋದನ್ನೇ ಬಿಟ್ಟು ಪೂರಕ ಆಹಾರ ಅಂತ ಲೈಸೆನ್ಸ್ ತಗೊಳ್ತಾರೆ. ಡಬ್ಬಿಯ ಮೇಲೆ ಇರುವೆ ಗಾತ್ರದ ಅಕ್ಷರದಲ್ಲಿ, ಇದು ಔಷಧೀಯ ಬಳಕೆಗಲ್ಲ ಅಂತ ಇಂಗ್ಲಿಷ್‌ನಲ್ಲಿ ಇರುತ್ತೆ. ಆ ಸಾಲನ್ನು ನೆಲಮಂಗಲದ ಅಜ್ಜಿ ಓದಬೇಕಾ?

ಪತಂಜಲಿ ಜಾಹೀರಾತು ಪ್ರಕರಣದಲ್ಲಿ 2024ರ ಮೇ 7ರಂದು ಸುಪ್ರೀಂ ಕೋರ್ಟ್, ಟಿವಿಯಲ್ಲಿ ಜಾಹೀರಾತು ಬರುವ ಮುಂಚೆ ಅದು ದಾರಿತಪ್ಪಿಸುವಂಥದ್ದಲ್ಲ ಅಂತ ಸ್ವಯಂ ಘೋಷಣೆ ಕೊಡಬೇಕು ಅಂತ ಹೇಳಿತು. ಟಿವಿಯಲ್ಲಿ ಕೂತು ಟಿವಿ ಬಗ್ಗೆ ಹೇಳೋದು ಕಷ್ಟ, ಆದರೂ ಹೇಳ್ತೀನಿ. ಬೆಳಗಿನ ಜಾವ ಯಾವ ಚಾನೆಲ್ ಹಾಕಿದರೂ ಅರ್ಧ ಗಂಟೆಯ ಕಾರ್ಯಕ್ರಮ ಬರುತ್ತೆ. ಬಿಳಿ ಕೋಟು ಹಾಕಿದ ಒಬ್ಬರು, ತಲೆ ಆಡಿಸುವ ಒಬ್ಬ ನಿರೂಪಕಿ, ಪರದೆಯ ಕೆಳಗೆ ಫೋನ್ ನಂಬರ್, ಮೂಲೆಯಲ್ಲಿ ಸಣ್ಣಗೆ 'ಪ್ರಾಯೋಜಿತ' ಅಂತ. ಅದು ಸುದ್ದಿಯಲ್ಲ. ದುಡ್ಡು ಕೊಟ್ಟು ಕೊಂಡ ಅರ್ಧ ಗಂಟೆ. ನನ್ನ ಮಾತಿನ ಮಧ್ಯೆ ಬರುವ ಜಾಹೀರಾತನ್ನೂ ನೀವು ಅದೇ ಕಣ್ಣಿನಿಂದ ನೋಡಿ. ಇದು ನಮ್ಮ ದೇಶದ ಪಾಡು ಮಾತ್ರ ಅಲ್ಲ. ಅಮೆರಿಕದಲ್ಲಿ ಲೋಳೆಮೀನಿನ ಪ್ರೋಟೀನ್ ಅಂತ ಹೇಳಿ ಪ್ರೆವಾಜೆನ್ ಅನ್ನೋ ನೆನಪಿನ ಮಾತ್ರೆ ಮಾರಿದರು. 2017ರಲ್ಲಿ ಅಲ್ಲಿನ ಸರ್ಕಾರಿ ಸಂಸ್ಥೆ ಕೇಸು ಹಾಕಿತು, ನೆನಪು ಸುಧಾರಿಸುತ್ತೆ ಅಂತ ಹೇಳಬೇಡಿ ಅನ್ನೋ ಆದೇಶ ಬರೋದಕ್ಕೆ 2024ರ ಡಿಸೆಂಬರ್ ಆಯ್ತು. ಏಳು ವರ್ಷ ಅಂಗಡಿಯಲ್ಲಿ ಅದು ಮಾರಾಟವಾಗ್ತಾನೇ ಇತ್ತು.

ಹಾಗಾದರೆ ಏನೂ ಮಾಡೋಕೇ ಆಗಲ್ವಾ? ಆಗುತ್ತೆ, ಆದರೆ ಅದನ್ನು ಯಾರೂ ಡಬ್ಬಿಯಲ್ಲಿ ಮಾರ್ತಾ ಇಲ್ಲ. 2024ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ಆಯೋಗ 14 ಅಪಾಯದ ಅಂಶಗಳನ್ನು ಪಟ್ಟಿ ಮಾಡಿತು. ಜೀವನದುದ್ದಕ್ಕೂ ಇವನ್ನು ಸರಿಪಡಿಸಿಕೊಂಡು ಬಂದರೆ ಜಗತ್ತಿನ ಡಿಮೆನ್ಷಿಯಾ ಪ್ರಕರಣಗಳಲ್ಲಿ ಶೇಕಡಾ 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಅಂತ ಅಂದಾಜು. ಬಿಪಿ, ಶುಗರ್, ಕೊಲೆಸ್ಟ್ರಾಲ್, ಬೀಡಿ ಸಿಗರೇಟು, ಕುಡಿತ, ಒಂಟಿತನ, ಕಣ್ಣಿನ ದೋಷ, ಹೀಗೆ ಹೋಗುತ್ತೆ ಪಟ್ಟಿ. ಅದರಲ್ಲಿ ದೊಡ್ಡ ಪಾಲಿನ ಒಂದು ಅಂಶ ಕಿವುಡು.

ಈ ಮಾತನ್ನು ಓದಿದಾಗ ನನಗೆ ದೊಡ್ಡಬಳ್ಳಾಪುರವೇ ಕಣ್ಣ ಮುಂದೆ ಬಂತು. ಅಲ್ಲಿನ ನೇಕಾರರ ಬೀದಿಯಲ್ಲಿ ಒಂದು ಸಲ ನಡೆದು ನೋಡಿ. ಪವರ್‌ಲೂಮ್‌ನ ಟಕಟಕ ಸದ್ದಿನಲ್ಲಿ ಪಕ್ಕದವರ ಮಾತು ಕೇಳಲ್ಲ, ಸನ್ನೆಯಲ್ಲೇ ವ್ಯವಹಾರ. ಮೂವತ್ತು ನಲವತ್ತು ವರ್ಷ ಆ ಸದ್ದಿನಲ್ಲಿ ನಿಂತವರ ಕಿವಿಯ ಗತಿ ಏನಾಗಿರಬೇಕು? ಕಿವಿ ಮಂದವಾದ ಅಜ್ಜನಿಗೆ ಯಾರೂ ಏನೂ ಹೇಳಲ್ಲ, ಯಾಕೆಂದರೆ ಕೂಗಿ ಹೇಳಬೇಕು. ಮಾತು ನಿಂತಿತು, ಜನ ದೂರವಾದರು, ಮಿದುಳಿಗೆ ಕೆಲಸ ಕಡಿಮೆಯಾಯ್ತು. ಆಮೇಲೆ ನಾವು ಅಂತೀವಿ, ತಾತಂಗೆ ಅರಳುಮರಳು. ಅರ್ಧ ಕಡೆ ಅವರಿಗೆ ಮರೆವು ಅಲ್ಲವೇ ಅಲ್ಲ, ನೀವು ಹೇಳಿದ್ದು ಕೇಳಿಸಿಯೇ ಇರಲ್ಲ. ನಲವತ್ತರ ನೇಕಾರನ ಕಿವಿಗೆ ರಕ್ಷಣೆ, ಅರವತ್ತರವನಿಗೆ ಕಿವಿ ಪರೀಕ್ಷೆ ಮತ್ತು ಶ್ರವಣಯಂತ್ರ. ತಿಂಗಳಿಗೆ 2,800 ಖರ್ಚು ಮಾಡೋಕೆ ತಯಾರಿರುವ ಮನೆ ಮೊದಲು ಅದಕ್ಕೆ ಮಾಡಲಿ ಅಂತ ನಾನು ಹೇಳೋದು. ಜವಳಿ ಇಲಾಖೆ, ಕಾರ್ಮಿಕ ಇಲಾಖೆಯವರು ನೋಡ್ತಿದ್ದರೆ ಅವರಿಗೂ ಹೇಳ್ತೀನಿ, ಮಗ್ಗಕ್ಕೆ ಸಬ್ಸಿಡಿ ಕೊಡುವಾಗ ಮಗ್ಗದ ಮುಂದೆ ನಿಂತವನ ಕಿವಿಯನ್ನೂ ಒಂದು ಸಲ ನೋಡಿ.

ಸರ್ಕಾರ ಕೈಕಟ್ಟಿ ಕೂತಿಲ್ಲ, ಅದನ್ನೂ ಹೇಳಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ, 45 ದಾಟಿದ 10,000 ಜನರ ಗುರಿ ಇಟ್ಟುಕೊಂಡು, ವರ್ಷ ವರ್ಷವೂ ಅವರ ಮಿದುಳಿನ ಆರೋಗ್ಯ ನೋಡುತ್ತಾ ಬರ್ತಿದೆ. ಮಾವು ಬೆಳೆಯುವ ಹಳ್ಳಿ ಜನರ ರಕ್ತ, ಆಹಾರ, ನೆನಪು ಎಲ್ಲವನ್ನೂ ಇಷ್ಟು ತಾಳ್ಮೆಯಿಂದ ಬರೆದಿಡುವ ಕೆಲಸ ನಮ್ಮಲ್ಲಿ ಅಪರೂಪ. ನಿಮ್ಹಾನ್ಸ್ ಜೊತೆಗೂಡಿ 2022ರ ಜನವರಿಯಲ್ಲಿ ರಾಜ್ಯ ಸರ್ಕಾರ ಕರ್ನಾಟಕ ಮಿದುಳು ಆರೋಗ್ಯ ಕಾರ್ಯಕ್ರಮ ಶುರುಮಾಡಿತು. ಮೊದಲ ಪ್ರಯೋಗಕ್ಕೆ ಆರಿಸಿದ್ದು ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ದಕ್ಷಿಣ. ನಕ್ಷೆ ತೆಗೆದು ನೋಡಿ, ಆಕಡೆ ಕೋಲಾರ, ಈಕಡೆ ಚಿಕ್ಕಬಳ್ಳಾಪುರ, ನಡುವೆ ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರ! ರಾಜಧಾನಿಗೆ ಅಂಟಿಕೊಂಡಿರೋದೇ ಗ್ರಾಮಾಂತರದ ಶಾಪ. ಹೇಗೂ ಬೆಂಗಳೂರು ಪಕ್ಕದಲ್ಲೇ ಇದೆಯಲ್ಲ ಅಂತಾರೆ. ಅರಳುಮರಳಾದ ಅಜ್ಜಿಯನ್ನು ಎರಡು ಬಸ್ ಬದಲಾಯಿಸಿ ನಿಮ್ಹಾನ್ಸ್‌ಗೆ ಕರೆದುಕೊಂಡು ಹೋದವರಿಗೆ ಆ 'ಪಕ್ಕ' ಎಷ್ಟು ದೂರ ಅಂತ ಗೊತ್ತು. ಆಮೇಲೆ ಬೇರೆ ಜಿಲ್ಲೆಗಳಿಗೂ ವಿಸ್ತರಿಸುವ ಕೆಲಸ ಶುರುವಾಗಿದೆ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಹೋಗಿ ಕೇಳಿ, ಕೇಳೋರು ಇದ್ದರೆ ತಾನೇ ಕೊಡೋರು ಬರೋದು.

ನಾಳೆ ಬೆಳಗ್ಗೆ ಮಾಡಬೇಕಾದ್ದು ಇಷ್ಟು. ಮನೆಯಲ್ಲಿ ಹಿರಿಯರಿಗೆ ಆರು ತಿಂಗಳಿಂದ ಮರೆವು ಹೆಚ್ಚಿದ್ದರೆ, ಅವರು ತಗೊಳ್ತಿರುವ ಎಲ್ಲವನ್ನೂ, ಮಾತ್ರೆ, ಪುಡಿ, ಲೇಹ್ಯ, ಟೆಂಟ್‌ನಿಂದ ತಂದ ಬೇರು, ಮಗಳು ಅಮೆರಿಕದಿಂದ ಕಳಿಸಿದ ಕ್ಯಾಪ್ಸೂಲ್, ಒಂದನ್ನೂ ಬಿಡದೆ ಬಟ್ಟೆಚೀಲಕ್ಕೆ ತುಂಬಿ ಡಾಕ್ಟರ ಮೇಜಿನ ಮೇಲೆ ಸುರಿಯಿರಿ. ಆಯುರ್ವೇದ ವೈದ್ಯರ ಹತ್ತಿರ ಹೋದರೂ ಹಾಗೇ ಮಾಡಿ, ಗಿಡದ ಹೆಸರು ಬರೆಸಿಕೊಳ್ಳಿ, ಬಿಲ್ ತಗೊಳ್ಳಿ. ಬಿ12, ಥೈರಾಯ್ಡ್, ಶುಗರ್ ಪರೀಕ್ಷೆ ಬೇಕಾ ಅಂತ ನೀವೇ ಬಾಯಿಬಿಟ್ಟು ಕೇಳಿ. ಕಿವಿ ನೋಡಿಸಿ. ನಡೆಯುತ್ತಿರುವ ಬಿಪಿ ಮಾತ್ರೆಯನ್ನು ಫೋನ್‌ನಲ್ಲಿ ಯಾರೋ ಹೇಳಿದರು ಅಂತ ನಿಲ್ಲಿಸಬೇಡಿ. ನೋಡಿಕೊಳ್ಳುವ ಸೊಸೆಗೆ, ಮಗಳಿಗೆ ಜೀವ ಸಾಕಾಗಿದ್ದರೆ 14416ಕ್ಕೆ ಕರೆ ಮಾಡಲಿ, ಅದು ಟೆಲಿಮಾನಸ್, ಕನ್ನಡದಲ್ಲೇ ಮಾತಾಡ್ತಾರೆ. ಹಿರಿಯರ ಸಹಾಯವಾಣಿ 14567. ಎರಡೂ ಉಚಿತ, ಎರಡೂ ಕಡೆ ಯಾರೂ ನಿಮಗೆ ಏನನ್ನೂ ಮಾರಲ್ಲ.